ಚಂದ್ರನ ಕುಳಿಗಳೂ ಕೋಟೆಬಯಲುಗಳೂ

ಪೂರ್ಣಿಮೆಯ ಚಂದ್ರನಲ್ಲಿ ಕಾಣುವ ಕಪ್ಪು ಕಲೆಯನ್ನು ನಮ್ಮ ಹಿರಿಯರು ಮೊಲವೆಂದರು, ಜಿಂಕೆಯೆಂದರು. ಆದುದರಿಂದಲೇ ಅವನಿಗೆ ಶಶಾಂಕನೆಂದೂ ಮೃಗಾಂಕನೆಂದೂ ಹೆಸರುಗಳಾದುವು. ಬರಿಗಣ್ಣಿಗೆ ಇದಕ್ಕಿಂತ ಹೆಚ್ಚಿನದೇನೂ ಸ್ಪಷ್ಟವಾಗಿ ತೋರದು. ಆದರೆ ಸಾಧಾರಣವಾದ ಒಂದು ದುರ್ಬೀನನ್ನು ಚಂದ್ರನ ಕಡೆಗೆ ತಿರುಗಿಸಿದೊಡನೆ ಬೇರೊಂದು ನೋಟವೇ ಕಣ್ಣೆದುರಿಗೆ ಬರುವುದು. ಮೊಲವೂ ಜಿಂಕೆಯೂ ಮರೆಯಾಗಿ, ದುಂಡನೆಯ ಕುಳಿಗಳಿಂದ ಕಿಕ್ಕಿರಿದ ನೆಲವೊಂದು ಕಾಣುವುದು. ಕೆಲವು ಕುಳಿಗಳು ಬಟ್ಟಲಿನಂತಿರುವುವು. ಕೆಲವು ಅಂಚನ್ನೆತ್ತಿದ ಹರಿವಾಣದಂತಿರುವುವು. ಮತ್ತೆ ಕೆಲವು, ಸುತ್ತಲೂ ಕೋಟೆಯನ್ನು ಕಟ್ಟಿ ಒಳಗೆ ಊರನ್ನು ಕಟ್ಟದೆ ಬಿಟ್ಟ ಬಯಲಿನಂತಿರುವುವು.

ಇವು ಹೇಗಾದುವು? ಒಳಗಿನ ಬೆಂಕಿ ಕೊರೆದು ಆದುವೆ, ಹೊರಗಿನ ಕಲ್ಲು ಬಡಿದು ಆದುವೆ? ಈ ಒಂದು ಪ್ರಶ್ನೆಗೆ ನಿಶ್ಚಿತವಾದ ಉತ್ತರವನ್ನು ಹೇಳಲು ವಿದ್ವಾಂಸರಿಗೆ ಮುನ್ನೂರ ಐವತ್ತು ವರ್ಷಗಳು ಹಿಡಿದುವು. ಉತ್ತರವು ದೊರೆತಾಗ, ಅದು ಚಂದ್ರನ ಕಥೆಯಷ್ಟೇ ಅಲ್ಲದೆ ನಾವು ಮನೆ ಕಟ್ಟಿಕೊಂಡಿರುವ ಭೂಮಿಯ ಕಥೆಯೂ ಆಗಿದ್ದಿತು. ಆ ವೃತ್ತಾಂತವನ್ನು ನಮ್ಮ ವಾಚಕರ ಮುಂದೆ ಇಡಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲು ಕಂಡವರು

೧೬೦೯ರ ಬೇಸಗೆಯಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ಎಂಬ ಗಣಿತಜ್ಞನು ಆಗತಾನೆ ಹೊಸದಾಗಿ ಬಂದಿದ್ದ ದೂರದರ್ಶಕದಿಂದ ಚಂದ್ರನನ್ನು ನೋಡಿ ಒಂದು ಚಿತ್ರವನ್ನು ಗೀಚಿಟ್ಟನು. ಅದಾದ ಕೆಲವು ತಿಂಗಳಿಗೆ ಇಟಲಿಯ ಪಾದುವಾ ನಗರದಲ್ಲಿ ಗೆಲಿಲಿಯೋ ಪಂಡಿತನು ತಾನೇ ಮಾಡಿದ ದೂರದರ್ಶಕದಿಂದ ಅದನ್ನೇ ನೋಡಿದನು. ನೋಡಿದುದನ್ನು ವಿಚಾರಮಾಡಿಯೂ ನೋಡಿದನು. ಬೆಳಕಿನ ಭಾಗಕ್ಕೂ ಕತ್ತಲೆಯ ಭಾಗಕ್ಕೂ ನಡುವಣ ಗಡಿಯು ನೆಟ್ಟಗಿರದೆ ಹರಿದ ಬಟ್ಟೆಯ ಅಂಚಿನಂತೆ ಕಂಡಿತು. ಗಡಿಯಾಚೆ, ಕತ್ತಲೆಯೊಳಗೇ, ಅಲ್ಲಲ್ಲಿ ಬೆಳಕಿನ ಚುಕ್ಕೆಗಳು ಹೊಳೆದುವು. ಹೊತ್ತು ಕಳೆದಂತೆ ಅವು ದೊಡ್ಡವಾಗಿ ಬೆಳಕಿನ ಭಾಗದೊಡನೆ ಕೂಡಿಕೊಂಡುವು. ನಮ್ಮ ಬೆಟ್ಟಗಳ ನೆತ್ತಿಗೆ ಎಳೆಬಿಸಿಲು ತಗಲಿದಾಗ ಕಣಿವೆಯಲ್ಲಿ ಇನ್ನೂ ಕತ್ತಲೆಯಿರುವುದಷ್ಟೆ? ಅಲ್ಲಿ ನಡೆಯುವುದೂ ಅದೇ ಸೂರ್ಯೋದಯವೆಂದು ಗೆಲಿಲಿಯೋ ತಿಳಿದುಕೊಂಡನು. ಕುಳಿಗಳಿಂದ ತುಂಬಿದ ಚಂದ್ರನ ಮೈಯನ್ನು ಅವನು ನವಿಲುಗರಿಯ ಕಣ್ಣುಗಳಿಗೆ ಹೋಲಿಸಿರುವನು. ೧೬೧೦ರಲ್ಲಿ ಈ ಸಂಗತಿಗಳನ್ನು ಅವನು ಅಚ್ಚುಮಾಡಿಸಿದಾಗ, ಆಕಾಶದ ಗೋಳಗಳೆಲ್ಲ ನುಣುಪಾದುವು, ಕಲೆಯಿಲ್ಲದುವು ಎಂದು ಯೂರೋಪಿನ ಪಾಠಶಾಲೆಗಳಲ್ಲಿ ಅನೇಕ ಶತಮಾನಗಳಿಂದ ನಡೆದುಬಂದಿದ್ದ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದಿತು.

ಈ ಕುಳಿಗಳಿಗೆ ಇಂದಿಗೂ ಬಳಕೆಯಲ್ಲಿರುವ ಹೆಸರುಗಳಲ್ಲಿ ಅನೇಕವನ್ನು ಕೊಟ್ಟವನು ಬೊಲೋನಾ ನಗರದ ರಿಚ್ಚೋಲಿ ಎಂಬ ಪಾದ್ರಿ. ೧೬೫೧ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಕುಳಿಗಳಿಗೆ ತತ್ತ್ವಜ್ಞರ ಮತ್ತು ಜ್ಯೋತಿಷಿಗಳ ಹೆಸರುಗಳನ್ನಿಟ್ಟನು. ಭೂಮಿಯು ಸೂರ್ಯನನ್ನು ಸುತ್ತುವುದೆಂಬ ಕೊಪರ್ನಿಕಸನ ಮತವನ್ನು ಅವನು ಆ ಗ್ರಂಥದಲ್ಲಿ ಒಪ್ಪಲಿಲ್ಲ. ಆದರೂ ಚಂದ್ರನ ಮೇಲಿನ ಅತ್ಯಂತ ಸುಂದರವಾದ ಕುಳಿಗಳಲ್ಲೊಂದಕ್ಕೆ ಆ ಕೊಪರ್ನಿಕಸನ ಹೆಸರನ್ನೇ ಕೊಟ್ಟನು. ಎದುರಾಳಿಗೆ ಸಲ್ಲಿಸಿದ ಮರ್ಯಾದೆಗೆ ಇದಕ್ಕಿಂತ ಶಾಶ್ವತವಾದ ಗುರುತು ಇರಲಾರದು. ಅದೇ ಪದ್ಧತಿಯು ಮುಂದುವರಿದು, ಈಗ ಚಂದ್ರನ ಮೇಲೆ ನಮ್ಮ ಆರ್ಯಭಟನ ಹೆಸರಿನ ಕುಳಿಯೂ ಬೆಂಗಳೂರಿನಲ್ಲಿ ಬಾಳಿದ ಸರ್ ಸಿ. ವಿ. ರಾಮನ್ ಅವರ ಹೆಸರಿನ ಕುಳಿಯೂ ಇರುವುವು.

ಬಟ್ಟಲು, ಹರಿವಾಣ, ಕೋಟೆ

ಆಂಗ್ಲ ಗ್ರಂಥಗಳಲ್ಲಿ ಇವುಗಳಿಗೆ ಕ್ರೇಟರ್ ಎಂದು ಹೆಸರು. ಪ್ರಾಚೀನ ಗ್ರೀಕರಲ್ಲಿ ದ್ರಾಕ್ಷಾರಸಕ್ಕೆ ನೀರು ಬೆರೆಸುವ ಅಗಲಬಾಯಿಯ ಪಾತ್ರೆಗೆ ಆ ಹೆಸರಿದ್ದಿತು. ಪಾತ್ರೆಗಳಂತೆಯೇ ಇವುಗಳಲ್ಲಿಯೂ ಗಾತ್ರಕ್ಕೆ ತಕ್ಕಂತೆ ಆಕಾರಭೇದವುಂಟು. ಹತ್ತು ಹದಿನೈದು ಕಿಲೋಮೀಟರಿಗಿಂತ ಕಿರಿದಾದುವು ಶುದ್ಧವಾದ ಬಟ್ಟಲುಗಳು. ಅದಕ್ಕಿಂತ ಹಿರಿದಾದುವುಗಳಲ್ಲಿ ತಳವು ಚಪ್ಪಟೆಯಾಗಿಯೂ, ಒಳಗೋಡೆಯು ಘಟ್ಟದ ಇಳಿಜಾರಿನ ಗದ್ದೆಗಳಂತೆ ಮೆಟ್ಟಿಲುಮೆಟ್ಟಿಲಾಗಿಯೂ, ಸರಿಯಾಗಿ ನಡುವೆ ಒಂದು ಬೆಟ್ಟವು ಎದ್ದುನಿಂತೂ ಇರುವುದು. ಕೊಪರ್ನಿಕಸ್ ಕುಳಿಯ ಅಗಲ ಸುಮಾರು ೯೩ ಕಿಲೋಮೀಟರು, ಆಳ ಸುಮಾರು ೩.೮ ಕಿಲೋಮೀಟರು. ದಕ್ಷಿಣದಲ್ಲಿರುವ ಟೈಕೋ ಕುಳಿಯ ಅಗಲ ಸುಮಾರು ೮೫, ಆಳ ೪.೮ ಕಿಲೋಮೀಟರು.

ಇವುಗಳಿಗಿಂತಲೂ ಹಿರಿದಾಗಿ, ವಿಸ್ತಾರವಾದ ಸಮತಲವನ್ನು ಗೋಡೆಯು ಬಳಸಿರುವ ಕುಳಿಗಳನ್ನೇ ನಾವು ಕೋಟೆಬಯಲುಗಳೆಂದು ಕರೆದಿರುವುದು. ಚಂದ್ರಬಿಂಬದ ಹೆಚ್ಚು ಕಡಮೆ ಮಧ್ಯದಲ್ಲಿರುವ ಟಾಲೆಮಿ ಬಯಲಿನ ಅಗಲ ೧೫೩ ಕಿಲೋಮೀಟರು. ಬೆಂಗಳೂರಿನಿಂದ ಮೈಸೂರಿಗಿರುವ ದೂರಕ್ಕಿಂತ ಹೆಚ್ಚು. ದಕ್ಷಿಣದ ಕ್ಲೇವಿಯಸ್ ಬಯಲು ಸುಮಾರು ೨೨೫ ಕಿಲೋಮೀಟರು ಅಗಲವಾಗಿರುವುದು. ಉತ್ತರದಲ್ಲಿರುವ ಪ್ಲೇಟೋ ಅಗಲದಲ್ಲಿ ೧೦೦ ಕಿಲೋಮೀಟರಿನಷ್ಟು ಮಾತ್ರವೇ ಆದರೂ ಅದರ ತಳವು ಕಾಡಿಗೆ ಬಳಿದಂತೆ ಕಪ್ಪಾಗಿ ನುಣುಪಾಗಿರುವುದರಿಂದ ಎಲ್ಲಕ್ಕಿಂತ ಸುಲಭವಾಗಿ ಗುರುತಿಗೆ ಸಿಕ್ಕುವುದು. ಹದಿನೇಳನೆಯ ಶತಮಾನದ ಹೆವೇಲಿಯಸ್ ಎಂಬ ಜ್ಯೋತಿಷಿಯು ಅದನ್ನು ನೀರೆಂದು ಬಗೆದು 'ದೊಡ್ಡ ಕಪ್ಪು ಸರೋವರ' ಎಂದು ಕರೆದಿದ್ದನು.

ದೂರದರ್ಶಕದಲ್ಲಿ ಈ ಬಯಲುಗಳು ಭಯಂಕರವಾದ ಆಳವುಳ್ಳುವೆಂಬಂತೆ ತೋರುವುವು. ಅದು ಓರೆಯಾಗಿ ಬೀಳುವ ಬಿಸಿಲಿನ ಮಾಯೆ. ಕ್ಲೇವಿಯಸಿನ ಅಗಲವನ್ನೂ ಆಳವನ್ನೂ ಹೋಲಿಸಿ ನೋಡಿದರೆ, ಅದು ಒಂದು ಮೊಳ ಅಗಲದ ಹರಿವಾಣಕ್ಕೆ ಅರ್ಧ ಅಂಗುಲಕ್ಕೂ ಕಡಮೆಯಾದ ಅಂಚಿದ್ದಂತೆ. ಇನ್ನೊಂದು ವಿಚಿತ್ರವುಂಟು. ಚಂದ್ರನು ಭೂಮಿಗಿಂತ ಬಹಳ ಸಣ್ಣ ಗೋಳವಾದುದರಿಂದ ಅಲ್ಲಿ ನೆಲವು ಬೇಗನೆ ಬಾಗುವುದು. ನಿಂತ ಮನುಷ್ಯನಿಗೆ ದಿಗಂತವು ಎರಡೂವರೆ ಕಿಲೋಮೀಟರಿನಷ್ಟು ಸಮೀಪದಲ್ಲಿರುವುದು. ಆದಕಾರಣ ಕ್ಲೇವಿಯಸಿನ ನಟ್ಟನಡುವೆ ನಿಂತವನಿಗೆ ಸುತ್ತಣ ಕೋಟೆಯ ಬಹುಭಾಗವು ದಿಗಂತದ ಕೆಳಗೆ ಮರೆಯಾಗಿರುವುದು. ಮೂರು ಲಕ್ಷ ಎಂಬತ್ತನಾಲ್ಕು ಸಾವಿರ ಕಿಲೋಮೀಟರು ದೂರದಲ್ಲಿರುವ ನಾವು ಕಾಣುವ ಕೋಟೆಯನ್ನು ಅದರೊಳಗೇ ನಿಂತವನು ಕಾಣಲಾರನು!

ಬೆಂಕಿಯೋ ಕಲ್ಲೋ

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ೧೬೬೫ರಲ್ಲಿ ರಾಬರ್ಟ್ ಹೂಕ್ ಎಂಬ ಇಂಗ್ಲಿಷ್ ವಿಜ್ಞಾನಿಯು ಎರಡು ಪ್ರಯೋಗಗಳನ್ನು ವರ್ಣಿಸಿದನು. ನೀರಿನಲ್ಲಿ ಕಲಸಿದ ಜೇಡಿಯ ಮೇಲೆ ಗುಂಡುಗಳನ್ನು ಬೀಳಬಿಟ್ಟಾಗ ಚಂದ್ರನಲ್ಲಿರುವಂತಹ ಕುಳಿಗಳಾದುವು. ಒಂದು ಬಗೆಯ ಬಿಳಿಯ ಕಲ್ಲಿನ ಪುಡಿಯನ್ನು ಬೆಂಕಿಯ ಮೇಲೆ ಕುದಿಸಿ ಇಳಿಸಿದಾಗಲೂ, ಗುಳ್ಳೆಗಳೊಡೆದು ಅಂತಹವೇ ಕುಳಿಗಳು ಉಳಿದುವು. ಕಾವಲಿಯ ಮೇಲಿನ ದೋಸೆಯಲ್ಲಿ ಕಣ್ಣುಬೀಳುವುದನ್ನು ನಿತ್ಯವೂ ನೋಡುವ ನಮ್ಮ ಗೃಹಿಣಿಯರಿಗೆ ಈ ಎರಡನೆಯ ಪ್ರಯೋಗವನ್ನು ವಿವರಿಸಬೇಕಾದುದಿಲ್ಲ. ಎರಡರಲ್ಲಿ ಯಾವುದು ನಿಜ? ಅಷ್ಟೊಂದು ಗುಂಡುಗಳು ಬರಿಯ ಆಕಾಶದಿಂದ ಬರುವುದೆಂತೆಂದು ಹೂಕನಿಗೆ ತಿಳಿಯಲಿಲ್ಲ. ಆಗಿನ್ನೂ ಒಂದು ಕ್ಷುದ್ರಗ್ರಹವನ್ನಾದರೂ ಯಾರೂ ಕಂಡಿರಲಿಲ್ಲ. ಆದುದರಿಂದ ಅವನು ಒಳಗಿನ ಕುದಿತದ ಪಕ್ಷವನ್ನೇ ಹಿಡಿದನು.

ಮುಂದೆ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಅಗ್ನಿಪರ್ವತದ ವಾದವೇ ಪ್ರಬಲವಾಗಿದ್ದಿತು. ೧೮೭೪ರಲ್ಲಿ ನಾಸ್ಮಿತ್ ಮತ್ತು ಕಾರ್ಪೆಂಟರ್ ಎಂಬಿಬ್ಬರು ಚಂದ್ರನನ್ನು ಕುರಿತು ಬಹು ಸೊಗಸಾದ ಗ್ರಂಥವನ್ನು ಬರೆದು, ಗಾರೆಯಲ್ಲಿ ಮಾಡಿದ ಮಾದರಿಗಳ ಛಾಯಾಚಿತ್ರಗಳನ್ನು ಅದರಲ್ಲಿ ಸೇರಿಸಿದರು. ಅಗ್ನಿಪರ್ವತವು ಕಾರಂಜಿಯಂತೆ ಚಿಮ್ಮಿ ಸುತ್ತಲೂ ಬಿದ್ದ ಬೂದಿಯೇ ಗೋಡೆಯಾಯಿತು, ಕಾರಂಜಿಯು ಬಲಗುಂದಿದಾಗ ನಡುವಣ ಬೆಟ್ಟವಾಯಿತು ಎಂದು ಅವರ ಮತ. ನೋಡಿದವರಿಗೆ ಅದು ಒಪ್ಪುವಂತೆಯೇ ಇದ್ದಿತು.

ಅಮೆರಿಕಾದ ಭೂಶಾಸ್ತ್ರಜ್ಞ ಗಿಲ್ಬರ್ಟನು ೧೮೯೨ರಲ್ಲಿ ಹದಿನೆಂಟು ರಾತ್ರಿಗಳು ವಾಷಿಂಗ್ಟನ್ನಿನ ದೊಡ್ಡ ದೂರದರ್ಶಕದಲ್ಲಿ ಚಂದ್ರನನ್ನು ಪರೀಕ್ಷಿಸಿ ಬೇರೆ ನಿರ್ಣಯಕ್ಕೆ ಬಂದನು. ಭೂಮಿಯ ಅಗ್ನಿಪರ್ವತಗಳ ಬಾಯಿಯು ಎತ್ತರವಾದ ಬೆಟ್ಟದ ತುದಿಯಲ್ಲಿರುವುದು. ಚಂದ್ರನ ಕುಳಿಗಳ ತಳವಾದರೋ ಹೊರಗಣ ನೆಲಕ್ಕಿಂತ ಕೆಳಗಿರುವುದು. ಇವು ಉಗುಳಿದ ಬಾಯಿಗಳಲ್ಲ, ಬಡಿದ ಗಾಯಗಳು ಎಂದು ಅವನು ಸಾಧಿಸಿದನು. ಆದರೆ ಒಂದು ತೊಡಕು ಉಳಿಯಿತು. ಕಲ್ಲುಗಳು ಎಲ್ಲ ದಿಕ್ಕುಗಳಿಂದಲೂ ಬರುವುದಾದರೆ, ಓರೆಯಾಗಿ ಬಡಿದುವು ಉದ್ದುದ್ದವಾದ ಕುಳಿಗಳನ್ನು ಮಾಡಬೇಕಷ್ಟೆ? ಚಂದ್ರನ ಕುಳಿಗಳು ಬಹುಪಾಲು ದುಂಡಗೇ ಇರುವುದೇಕೆ? ಇದಕ್ಕೆ ಅವನಲ್ಲಿ ತಕ್ಕ ಸಮಾಧಾನವಿರಲಿಲ್ಲ. ವಿಧಿಯ ಪರಿಹಾಸ್ಯವನ್ನು ನೋಡಿರಿ: ಇದಕ್ಕೆ ಒಂದು ವರ್ಷ ಹಿಂದೆ ಇದೇ ಗಿಲ್ಬರ್ಟನು ಅರಿಜೋನಾದ ಮರಳುಭೂಮಿಯಲ್ಲಿ ಒಂದು ದೊಡ್ಡ ಕುಳಿಯನ್ನು ಅಳೆದು ನೋಡಿ, ಅದು ನೆಲದೊಳಗಿನ ಆವಿಯು ಸಿಡಿದು ಆದುದೆಂದು ಹೇಳಿ ಬಂದಿದ್ದನು. ಆಕಾಶದಲ್ಲಿ ಸತ್ಯವನ್ನು ಕಂಡ ಕಣ್ಣು ಕಾಲಕೆಳಗೆ ಅದನ್ನು ಕಾಣದೆ ಹೋಯಿತು.

ತೊಡಕು ಬಿಡಿಸಿದ ಬಗೆ

ದುಂಡಗಿನ ತೊಡಕನ್ನು ಬಿಡಿಸಿದುದು ವೇಗದ ಲೆಕ್ಕ. ೧೯೧೬ರಲ್ಲಿ ಎಸ್ಟೋನಿಯಾ ದೇಶದ ಅಪಿಕ್ ಎಂಬುವನೂ, ೧೯೨೪ರಲ್ಲಿ ನ್ಯೂಜೀಲೆಂಡಿನ ಗಿಫರ್ಡ್ ಎಂಬುವನೂ ಇದನ್ನು ವಿವರಿಸಿದರು. ಆಕಾಶದಿಂದ ಬಂದು ಬಡಿಯುವ ಕಲ್ಲಿನ ವೇಗವು ಸಾಮಾನ್ಯವಾಗಿ ಸೆಕೆಂಡಿಗೆ ಹದಿನೈದು ಇಪ್ಪತ್ತು ಕಿಲೋಮೀಟರು. ಹತ್ತು ಸೆಕೆಂಡಿನೊಳಗೆ ಬೆಂಗಳೂರಿನಿಂದ ಮೈಸೂರನ್ನು ಸೇರುವ ವೇಗ. ಇಂತಹ ಕಲ್ಲು ನೆಲವನ್ನು ತಾಕಿದಾಗ ಗುದ್ದಲಿಯಂತೆ ಅಗೆಯುವುದಿಲ್ಲ. ಅದರ ವೇಗವೆಲ್ಲ ಕ್ಷಣಮಾತ್ರದಲ್ಲಿ ಒತ್ತಡವೂ ಶಾಖವೂ ಆಗಿ, ಕಲ್ಲು ತಾನೇ ಕರಗಿ ಆವಿಯಾಗಿ ಸಿಡಿಯುವುದು. ಸಿಡಿತವು ಎಲ್ಲ ಕಡೆಗೂ ಸಮನಾಗಿ ಹರಡುವುದರಿಂದ, ಬಂದ ದಿಕ್ಕು ಯಾವುದಾದರೂ ಆದ ಕುಳಿಯು ದುಂಡಗಿರುವುದು. ಕುಳಿಯ ಅಗಲವು ಬಡಿದ ಕಲ್ಲಿನ ಅಗಲಕ್ಕಿಂತ ಹತ್ತರಿಂದ ಇಪ್ಪತ್ತು ಪಾಲಿನಷ್ಟಾಗುವುದು.

ಆಕಾರದ ಉಳಿದ ಗುಟ್ಟುಗಳೂ ಇದರಿಂದಲೇ ಬಿಚ್ಚಿಕೊಂಡುವು. ತುಂಬಿದ ಹಾಲಿನ ಬಟ್ಟಲಿಗೆ ಒಂದು ಹನಿಯನ್ನು ಬೀಳಿಸಿದರೆ, ಗುಳಿ ಬಿದ್ದ ಹಾಲು ಮರುಕ್ಷಣವೇ ನಡುವೆ ಪುಟಿದೇಳುವುದು. ದೊಡ್ಡ ಪೆಟ್ಟಿಗೆ ಸಿಕ್ಕಿದ ಬಂಡೆಯೂ ಹೀಗೆಯೇ ಪುಟಿದು, ಆದರೆ ಹಾಲಿನಂತೆ ಮತ್ತೆ ಇಳಿಯದೆ ಬಿಗಿದು ನಿಲ್ಲುವುದು. ಅದೇ ನಡುವಣ ಬೆಟ್ಟ. ಕಡಿದಾದ ಗೋಡೆಯು ತನ್ನ ಭಾರಕ್ಕೆ ತಾನೇ ಕುಸಿದು ಮೆಟ್ಟಿಲುಗಳಾಗುವುದು. ಎರಚಿದ ಪುಡಿಯು ದೂರದೂರಕ್ಕೆ ಗೆರೆಗಳಾಗಿ ಬೀಳುವುದು. ಟೈಕೋ ಕುಳಿಯ ಸುತ್ತ ರಂಗವಲ್ಲಿಯ ಎಳೆಗಳಂತೆ ಹೊರಟ ಇಂತಹ ಬಿಳಿಯ ಗೆರೆಗಳು ಸಾವಿರದ ಐನೂರು ಕಿಲೋಮೀಟರಿನವರೆಗೂ ಹೋಗಿರುವುವು.

ಕೋಟೆಬಯಲುಗಳು ಈ ಕುಳಿಗಳ ಅಜ್ಜಂದಿರು. ಹಿರಿಯ ಪೆಟ್ಟುಗಳಿಂದ ಬಹು ಪೂರ್ವದಲ್ಲಿ ಆದ ಕುಳಿಗಳಲ್ಲಿ ಎಷ್ಟೋ ಕಾಲದ ಮೇಲೆ, ಬಿರುಕುಗಳ ಮೂಲಕ ಒಳಗಿನ ಲಾವಾರಸವು ಉಕ್ಕಿಬಂದು ತಳವನ್ನು ತುಂಬಿತು. ಪ್ಲೇಟೋವಿನ ಕಪ್ಪು ನೆಲವು ಹೀಗಾದುದು. ನಮ್ಮ ಹಿರಿಯರು ಕಂಡ ಮೊಲದ ಮೈಯೂ ಇಂತಹ ಲಾವಾರಸದ ಬಯಲುಗಳಿಂದಲೇ ಆದುದು. ಮತ್ತೆ ಕೆಲವನ್ನು ದೂರದ ಪೆಟ್ಟುಗಳು ಎರಚಿದ ಮಣ್ಣುಕಲ್ಲು ತುಂಬಿತು. ಗೋಡೆಗಳ ಮೇಲೆ ಹೊಸ ಪೆಟ್ಟುಗಳು ಬಿದ್ದು ಅವು ಪಾಳುಕೋಟೆಯಂತಾದುವು. ಹೀಗೆ ನೋಡಿದರೆ ಬೆಂಕಿಯ ಪಕ್ಷದವರ ಮಾತಿನಲ್ಲಿಯೂ ಸ್ವಲ್ಪ ಸತ್ಯವಿದ್ದಿತು: ಕುಳಿಯನ್ನು ತೋಡಿದುದು ಕಲ್ಲು, ತೋಡಿದುದನ್ನು ಅಲ್ಲಲ್ಲಿ ತುಂಬಿದುದು ಬೆಂಕಿ.

೧೯೪೯ರಲ್ಲಿ ಅಮೆರಿಕಾದ ಬಾಲ್ಡ್ವಿನ್ ಎಂಬುವನು ಯುದ್ಧದ ಬಾಂಬುಗಳು ಮಾಡಿದ ಗುಂಡಿಗಳ ಅಗಲ ಆಳಗಳನ್ನು ಚಂದ್ರನ ಕುಳಿಗಳ ಅಳತೆಗಳೊಡನೆ ಹೋಲಿಸಿ, ಎರಡೂ ಒಂದೇ ನಿಯಮವನ್ನು ಅನುಸರಿಸುವುವೆಂದು ತೋರಿಸಿದನು. ೧೯೬೦ರಲ್ಲಿ ಯೂಜೀನ್ ಶೂಮೇಕರನೂ ಅವನ ಜೊತೆಗಾರರೂ, ಹಿಂದೆ ಗಿಲ್ಬರ್ಟನು ತಪ್ಪಾಗಿ ತಿಳಿದಿದ್ದ ಆ ಅರಿಜೋನಾ ಕುಳಿಯಲ್ಲಿಯೇ ಕೋಸೈಟ್ ಎಂಬ ಖನಿಜವನ್ನು ಕಂಡರು. ಸಾಧಾರಣ ಮರಳುಗಲ್ಲು ಅತಿ ಪ್ರಚಂಡವಾದ ಒತ್ತಡಕ್ಕೆ ಸಿಕ್ಕಿದ ಹೊರತು ಅದು ಆಗದು. ಯಾವ ಅಗ್ನಿಪರ್ವತದ ಬಾಯಿಯಲ್ಲಿಯೂ ಅಂತಹ ಒತ್ತಡವಿರದು. ೧೯೬೯ರಿಂದ ೧೯೭೨ರವರೆಗೆ ಅಪೋಲೋ ಯಾತ್ರಿಕರು ಚಂದ್ರನಿಂದ ತಂದ ೩೮೨ ಕಿಲೋಗ್ರಾಮ್ ಕಲ್ಲುಮಣ್ಣುಗಳಲ್ಲಿಯೂ ಪೆಟ್ಟಿನ ಗುರುತುಗಳೇ ತುಂಬಿದ್ದುವು. ವ್ಯಾಜ್ಯವು ಮುಗಿಯಿತು. ಶೂಮೇಕರನಿಗೆ ತಾನೇ ಚಂದ್ರನಿಗೆ ಹೋಗಬೇಕೆಂಬ ಆಸೆಯಿದ್ದಿತು. ದೇಹಸ್ಥಿತಿಯು ಅದಕ್ಕೆ ಅವಕಾಶ ಕೊಡಲಿಲ್ಲ. ೧೯೯೭ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಚಿತಾಭಸ್ಮದ ಒಂದಂಶವನ್ನು ಹೊತ್ತ ನೌಕೆಯೊಂದು ೧೯೯೯ರ ಜುಲೈ ೩೧ರಂದು ಚಂದ್ರನ ದಕ್ಷಿಣಧ್ರುವದ ಸಮೀಪದ ಕುಳಿಯೊಂದರಲ್ಲಿ ಬಿದ್ದಿತು.

ನಮಗೇನು ಸಂಬಂಧ

ಕುಳಿಗಳು ಒಳಗಿನ ಬೆಂಕಿಯಿಂದಾದುವಾಗಿದ್ದರೆ ಅದು ಚಂದ್ರನ ಸ್ವಂತ ಮನೆವಾರ್ತೆಯಾಗುತ್ತಿದ್ದಿತು. ನಾವು ದೂರದಿಂದ ನೋಡಿ ಸುಮ್ಮನಿರಬಹುದಾಗಿದ್ದಿತು. ಆದರೆ ಕಲ್ಲುಗಳು ಹೊರಗಿನಿಂದ ಬಂದು ಬಡಿದುವೆಂದ ಮೇಲೆ, ಪಕ್ಕದಲ್ಲಿಯೇ ಇರುವ, ಅವನಿಗಿಂತ ಬಹಳ ದೊಡ್ಡದಾದ, ಹೆಚ್ಚು ಸೆಳೆತವುಳ್ಳ ಭೂಮಿಯು ತಪ್ಪಿಸಿಕೊಂಡಿತೆ? ಖಂಡಿತವಾಗಿಯೂ ಇಲ್ಲ. ಭೂಮಿಗೆ ಬಿದ್ದ ಪೆಟ್ಟುಗಳು ಚಂದ್ರನಿಗೆ ಬಿದ್ದುವುಗಳಿಗಿಂತ ಹೆಚ್ಚೇ. ಇಲ್ಲಿ ಮಳೆ ಗಾಳಿಗಳು ಸವೆಯಿಸಿದುವು, ಹೊಳೆಗಳು ತುಂಬಿದುವು, ನೆಲವೇ ಮಗುಚಿಕೊಂಡಿತು. ಇಷ್ಟಾದ ಮೇಲೆ ಇಡೀ ಭೂಮಿಯಲ್ಲಿ ಗುರುತಿಗೆ ಸಿಕ್ಕಿರುವ ಇಂತಹ ಕುಳಿಗಳು ಸುಮಾರು ೨೦೦ ಮಾತ್ರ. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ ಸರೋವರವು ಅವುಗಳಲ್ಲೊಂದು. ಕಪ್ಪು ಲಾವಾಶಿಲೆಯ ನೆಲದಲ್ಲಿ ಸುಮಾರು ೧.೮ ಕಿಲೋಮೀಟರು ಅಗಲವಾಗಿರುವ ಅದು ಪೆಟ್ಟಿನಿಂದಾದುದೆಂಬುದು ೧೯೭೩ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಸ್ಥಿರಪಟ್ಟಿತು. ನಮ್ಮವರಿಗೆ ಸಮೀಪದಲ್ಲಿಯೇ ಚಂದ್ರನ ಕುಳಿಯನ್ನು ಕಾಣಬೇಕೆಂದರೆ ಅಲ್ಲಿಗೆ ಹೋಗಬಹುದು.

ಇದೇನೂ ಹಳೆಯ ಕಾಲಕ್ಕೇ ಮುಗಿದುಹೋದ ಕಥೆಯಲ್ಲ. ಮಹತ್ತಾದ ಪೆಟ್ಟುಗಳು ಬಹುಪಾಲು ೩೮೦ ಕೋಟಿ ವರ್ಷಗಳಿಗಿಂತ ಹಿಂದಿನವು ನಿಜ. ಆದರೆ ಕೊಪರ್ನಿಕಸಿನ ವಯಸ್ಸು ಸುಮಾರು ೮೦ ಕೋಟಿ ವರ್ಷ. ಟೈಕೋವಿನದು ಸುಮಾರು ೧೧ ಕೋಟಿ ವರ್ಷ ಮಾತ್ರ. ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ಈಗಿನ ಮೆಕ್ಸಿಕೋ ದೇಶದ ತೀರದಲ್ಲಿ ಬಿದ್ದ ಕಲ್ಲೊಂದು ಸುಮಾರು ೧೮೦ ಕಿಲೋಮೀಟರು ಅಗಲದ ಕುಳಿಯನ್ನು ತೋಡಿ, ಡೈನೋಸಾರ್ ಎಂಬ ಮಹಾಸರೀಸೃಪಗಳ ಕುಲವನ್ನು ನೆಲದಿಂದ ಅಳಿಸಿತು. ಉಳಿದುದು ಅವುಗಳ ವಂಶದ ಹಕ್ಕಿಗಳು ಮಾತ್ರ. ಈ ಪಾಠವನ್ನು ಕಲಿತುದರಿಂದಲೇ ಈಗ ಅನೇಕ ವೇಧಶಾಲೆಗಳು ರಾತ್ರಿ ರಾತ್ರಿಯೂ ಭೂಮಿಯ ಹಾದಿಗೆ ಬರಬಹುದಾದ ಕ್ಷುದ್ರಗ್ರಹಗಳನ್ನು ಕಾಯುತ್ತಿರುವುವು. ೨೦೨೨ರ ಸೆಪ್ಟೆಂಬರ್ ೨೬ರಂದು ಅಮೆರಿಕಾದವರು ಡೈಮಾರ್ಫಸ್ ಎಂಬ ಸಣ್ಣ ಗೋಳಕ್ಕೆ ಒಂದು ನೌಕೆಯನ್ನು ಬೇಕೆಂದೇ ಡಿಕ್ಕಿಹೊಡೆಯಿಸಿ, ಅದರ ಸುತ್ತಾಟದ ಕಾಲವನ್ನು ಅರ್ಧ ಗಂಟೆಗೂ ಮಿಗಿಲಾಗಿ ಕಡಮೆಮಾಡಿದರು. ಆಕಾಶದ ಕಲ್ಲನ್ನು ಮನುಷ್ಯನು ತಳ್ಳಿ ಸರಿಸಬಲ್ಲನೆಂಬುದು ಅಂದು ಮೊದಲ ಸಲ ಸಿದ್ಧವಾಯಿತು.

ಕುಳಿಗಳಲ್ಲಿ ಭಯದ ಜೊತೆಗೆ ಭಾಗ್ಯವೂ ಅಡಗಿರುವುದು. ಚಂದ್ರನ ಧ್ರುವಗಳ ಬಳಿಯ ಕೆಲವು ಆಳವಾದ ಕುಳಿಗಳ ತಳಕ್ಕೆ ಬಿಸಿಲು ಎಂದೂ ಸೋಕದು. ಅಲ್ಲಿಯ ಚಳಿಯು ಸೊನ್ನೆಗಿಂತ ೨೦೦ ಡಿಗ್ರಿಗೂ ಕೆಳಗೆ. ೨೦೦೮ರ ಅಕ್ಟೋಬರಿನಲ್ಲಿ ಹೊರಟ ನಮ್ಮ ದೇಶದ ಚಂದ್ರಯಾನ-೧ ನೌಕೆಯಲ್ಲಿದ್ದ ಅಮೆರಿಕಾದ ಉಪಕರಣವೊಂದು ಚಂದ್ರನ ನೆಲದಲ್ಲಿ ನೀರಿನ ಅಂಶದ ಸುಳಿವನ್ನು ಹಿಡಿಯಿತು. ಈ ಸಂಗತಿಯು ೨೦೦೯ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಮರುತಿಂಗಳಲ್ಲಿಯೇ ಅಮೆರಿಕಾದವರು ಕೇಬಿಯಸ್ ಎಂಬ ಧ್ರುವದ ಕುಳಿಗೆ ಒಂದು ರಾಕೆಟ್ಟಿನ ಭಾಗವನ್ನು ಬೀಳಿಸಿದಾಗ ಎದ್ದ ಧೂಳಿನಲ್ಲಿ ನೀರು ಕಂಡಿತು. ೨೦೨೩ರ ಆಗಸ್ಟ್ ೨೩ರಂದು ಚಂದ್ರಯಾನ-೩ ದಕ್ಷಿಣಧ್ರುವದ ಕಡೆಯ ಕುಳಿಗಳ ಸೀಮೆಯಲ್ಲಿ ಮೆಲ್ಲನೆ ಇಳಿದಾಗ ಅದನ್ನು ಬೆಂಗಳೂರಿನಲ್ಲಿ ಕುಳಿತ ವಿಜ್ಞಾನಿಗಳು ನಡೆಯಿಸುತ್ತಿದ್ದುದನ್ನು ವಾಚಕರು ಮರೆತಿರಲಾರರು.

ನೋಡುವ ಕ್ರಮ

ಇಷ್ಟನ್ನೂ ಓದಿ ಮುಗಿಸಿದವರಿಗೆ ಕಣ್ಣಾರೆ ಕಾಣುವ ಆಸೆಯಾಗುವುದು ಸಹಜ. ಅದಕ್ಕೆ ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಜೋಡಿ ದುರ್ಬೀನೊಂದು ಸಾಕು. ಕೈ ನಡುಗದಂತೆ ಅದನ್ನು ಕಂಬಕ್ಕೋ ಕಿಟಕಿಯ ಚೌಕಟ್ಟಿಗೋ ಒತ್ತಿ ಹಿಡಿಯಬೇಕು. ಎಲ್ಲರೂ ಹುಣ್ಣಿಮೆಯ ರಾತ್ರಿಯನ್ನೇ ಆರಿಸಿಕೊಳ್ಳುವರು. ಕುಳಿಗಳನ್ನು ಕಾಣುವುದಕ್ಕೆ ಅದು ತಕ್ಕ ರಾತ್ರಿಯಲ್ಲ. ಅಂದು ಸೂರ್ಯನು ನೇರವಾಗಿ ಬೆಳಗುವುದರಿಂದ ನೆರಳೇ ಇರದು; ನೆರಳಿಲ್ಲದೆ ಕುಳಿಯು ಕಾಣದು. ಅಂದು ನೋಡಬೇಕಾದುದು ಟೈಕೋವಿನ ಬಿಳಿಯ ಗೆರೆಗಳನ್ನು.

ಕುಳಿಗಳಿಗೆ ಶುಕ್ಲಪಕ್ಷದ ನಡುವಣ ತಿಥಿಗಳೇ ಉತ್ತಮ. ಅಷ್ಟಮಿಯಂದು ಬೆಳಕು ಕತ್ತಲೆಗಳ ಗಡಿಯು ಟಾಲೆಮಿ ಬಯಲಿನ ಬಳಿ ಹಾದುಹೋಗುವುದು. ನವಮಿಯಂದು ಉತ್ತರದಲ್ಲಿ ಪ್ಲೇಟೋವಿನ ಕಪ್ಪು ನೆಲವನ್ನೂ, ದಕ್ಷಿಣದಲ್ಲಿ ಟೈಕೋವನ್ನೂ ಕ್ಲೇವಿಯಸನ್ನೂ ಹುಡುಕಬೇಕು. ದಶಮಿಯ ಹೊತ್ತಿಗೆ ಕೊಪರ್ನಿಕಸಿನ ಮೇಲೆ ಬೆಳಗಾಗುವುದು. ಸಣ್ಣ ದೂರದರ್ಶಕವೇನಾದರೂ ದೊರೆತರೆ ಕ್ಲೇವಿಯಸಿನ ಒಳಗೆ ಬಿಲ್ಲಿನಂತೆ ಬಾಗಿದ ಸಾಲಿನಲ್ಲಿ, ಒಂದಕ್ಕಿಂತ ಒಂದು ಸಣ್ಣದಾಗುತ್ತ ಹೋಗುವ ಕುಳಿಗಳನ್ನು ಎಣಿಸಬಹುದು. ಹಳೆಯ ಗಾಯದ ಮೇಲೆ ಹೊಸ ಗಾಯ; ಮೇಲಿರುವುದು ಕಿರಿಯದು, ಕೆಳಗಿರುವುದು ಹಿರಿಯದು. ಚಂದ್ರನ ಚರಿತ್ರೆಯನ್ನು ವಿದ್ವಾಂಸರು ಓದಿದುದು ಈ ಒಂದು ಸೂತ್ರದಿಂದಲೇ; ಮನೆಯ ಮಕ್ಕಳಿಗೂ ಅದು ಕೂಡಲೇ ತಿಳಿಯುವುದು.

ಚಂದ್ರನಲ್ಲಿ ಮಳೆಯಿಲ್ಲ, ಗಾಳಿಯಿಲ್ಲ. ಬಿದ್ದ ಪೆಟ್ಟು ಮಾಯುವುದಿಲ್ಲ. ನಮ್ಮ ಭೂಮಿಯು ತಾನು ತಿಂದ ಪೆಟ್ಟುಗಳನ್ನು ಮರೆತಿದ್ದರೆ, ಅದಕ್ಕೆ ಕಾರಣ ನಮಗೆ ಅನ್ನವನ್ನು ಕೊಡುವ ಈ ಮಳೆ ಗಾಳಿ ಹೊಳೆಗಳೇ. ಲೆಕ್ಕದ ಪುಸ್ತಕವು ನೆರೆಮನೆಯಲ್ಲಿ ಭದ್ರವಾಗಿರುವುದು. ಬರುವ ಅಷ್ಟಮಿಯ ಸಂಜೆ ಮೋಡವಿಲ್ಲದಿದ್ದರೆ ಅದನ್ನು ತೆರೆದು ನೋಡಬಹುದು.